ವಾಲಿದ ಕಂಬಗಳ ಫೋಟೋ

ಸ್ಕ್ರೂಡ್ರೈವರ್ ಮೊನೆ ನನ್ನ ಕಿವಿಯ ಕೆಳಗೆ ಒತ್ತುತ್ತಿತ್ತು. ನನ್ನ ಕೈ ಮಾತ್ರ ಮೌಸ್ ಬಿಟ್ಟಿರಲಿಲ್ಲ.

"ಕಂಬ ನೆಟ್ಟಗೆ ಮಾಡು."

ಕಂಟ್ರಾಕ್ಟರ್ ಕಳಿಸಿದ ಆಳು. ಕತ್ತು ನನ್ನ ತೊಡೆಯಷ್ಟು ದಪ್ಪ. ಒಳಗೆ ಬಂದವನೇ ಚಿಲಕ ಹಾಕಿದ್ದ.

ನನ್ನ ಕಸುಬು ಫೋಟೋ ತನಿಖೆ. ಫೋಟೋ ಹೇಳುವುದು ನಿಜವೋ ಸುಳ್ಳೋ ಎಂದು ಕೋರ್ಟಿಗೆ ಬರೆದುಕೊಡುತ್ತೇನೆ. ಈಗ ಪರದೆ ಮೇಲಿದ್ದ ಫೋಟೋ ತೆಗೆದವನು ಒಬ್ಬ ಪೇಂಟರ್. ಹತ್ತು ಮಹಡಿ ಕಟ್ಟಡ, ಕೆಲಸದವರು ಹತ್ತಲು ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಕಂಬ ಕಟ್ಟಿದ ಸಾರುವೆ. 'ಇವತ್ತು ಇಷ್ಟೆತ್ತರ ಹತ್ತಬೇಕು' ಎಂದು ಹೆಂಡತಿಗೆ ಕಳಿಸಿದ್ದ. ಅರ್ಧ ಗಂಟೆಗೆ ಎಡಗಡೆಯದು ಕುಸಿಯಿತು.

ಅವನು ಉಳಿಯಲಿಲ್ಲ.

ಫೋಟೋದಲ್ಲಿ ಕಂಬಗಳು ವಾಲಿದ್ದವು. ಕೆಳಗಿನಿಂದ ಮೊಬೈಲ್ ಎತ್ತಿ ಹಿಡಿದರೆ ಎಲ್ಲವೂ ಹಾಗೇ ಕಾಣುತ್ತದೆ... ಇದು ಕಂಟ್ರಾಕ್ಟರ್ ವಾದ.

"ನೋಡು," ಎಂದೆ. ಕಟ್ಟಡದ ಎರಡೂ ಅಂಚಿಗೆ ಗೆರೆ ಹಾಕಿ ಸ್ಲೈಡರ್ ಸರಿಸಿದೆ. ಮೇಲಕ್ಕೆ ಹೋಗುತ್ತಾ ಕಿರಿದಾಗಿದ್ದ ಗೋಡೆ ಅಗಲವಾಗಿ ನೇರ ನಿಂತಿತು. ಕಿಟಕಿಗಳು ಚೌಕಕ್ಕೆ ಬಂದವು.

ಕಂಬಗಳು ನೇರಕ್ಕೆ ಬರಲಿಲ್ಲ.

"ಅದನ್ನೂ ಮಾಡು."

ಮಾಡಿದೆ. ಕಂಬ ನೆಟ್ಟಗಾಯಿತು, ಹತ್ತು ಮಹಡಿ ಪಕ್ಕಕ್ಕೆ ವಾಲಿತು.

"ಆಟ ಆಡ್ತೀಯಾ?" ಮೊನೆ ಚರ್ಮಕ್ಕಿಳಿಯಿತು. ಕಾಲರ್ ಒದ್ದೆಯಾಯಿತು.

"ಕಂಬ ನಿಜವಾಗ್ಲೂ ನೇರ ಇದ್ದಿದ್ರೆ ಗೋಡೆ ಜತೇಲೇ ನೇರ ಆಗ್ತಿತ್ತು. ವಾಲಿರೋದಕ್ಕೇ ಹಿಂಗೆ."

ಅವನು ಪರದೆಯತ್ತ ಬಗ್ಗಿದ.

"ಬಲಗಡೇದು?"

"ಅದೂ ವಾಲಿದೆ. ಎಡಗಡೇದಕ್ಕಿಂತ ಜಾಸ್ತಿ."

"ಅದು ಇನ್ನೂ ನಿಂತಿದೆ..." ದನಿ ಬದಲಾಗಿತ್ತು. "ನನ್ನ ತಮ್ಮ ಬೆಳಿಗ್ಗೆಯಿಂದ ಅದರ ಮೇಲಿದಾನೆ."

ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಅವನು ಫೋನ್ ತೆಗೆದ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ...

"ಇಳಿಯೋ ಕೆಳಗೆ. ಯಾಕೆ ಅಂತ ಕೇಳಬೇಡ. ನಿಧಾನ... ಫೋನ್ ಕಟ್ ಮಾಡಬೇಡ."

ಆರು ನಿಮಿಷ. ಕಬ್ಬಿಣ ಕಿರುಗುಟ್ಟುವ ಸದ್ದು ಸ್ಪೀಕರಿನಲ್ಲಿ ಕೇಳುತ್ತಿತ್ತು. ನಾನು ಕಿವಿಯ ಕೆಳಗೆ ಕರವಸ್ತ್ರ ಒತ್ತಿಕೊಂಡು ಫೋಟೋದಲ್ಲಿ ಒಂದೊಂದೇ ಮಹಡಿ ಎಣಿಸಿದೆ. ಅವನು ಗೋಡೆಗೆ ಹಣೆ ಕೊಟ್ಟು ನಿಂತಿದ್ದ.

"ಇಳಿದೆ ಕಣಣ್ಣ. ಏನಾಯ್ತು?"

ಅಣ್ಣ ಕುರ್ಚಿಯಲ್ಲಿ ಕುಸಿದ. ಕಂಬ ವಾಲಿತ್ತೆಂಬ ವರದಿಯನ್ನು ನಾನು ಕೋರ್ಟಿಗೆ ಕಳಿಸಿದೆ. ಅವನು ನೋಡಿದ, ತಡೆಯಲಿಲ್ಲ.

ಅವನ ಫೋನ್ ಬಡಿದುಕೊಂಡಿತು. ಕಂಟ್ರಾಕ್ಟರ್. ಆಳು ಅದನ್ನು ನನ್ನ ಕಡೆ ತಳ್ಳಿದ.

"ನೆಟ್ಟಗಾಯ್ತೇನೋ?"

"ನೀವು ಕಳಿಸಿದೋನು ನೆಟ್ಟಗಾದ," ಎಂದೆ. "ಕಂಬ ಹಾಗೇ ಇದೆ."