ಅಂಗಾಲಿಗೆ ಬಂದ ಸ್ವರ

"ನನ್ನ ಸೆಲ್ಲೋ ಮೇಲೆ ಯಾಕ್ರೀ ಕೆನ್ನೆ ಇಟ್ಕೊಂಡಿದ್ದೀರಾ?!"

ವಾದ್ಯ ರಿಪೇರಿ ಅಂಗಡಿಯ ಬಾಗಿಲಲ್ಲೇ ಅವಳು ಗದರಿದಳು.

ನೆಲಕ್ಕೂರಿ ನುಡಿಸುವ ಆ ದೊಡ್ಡ ಪಿಟೀಲಿನಿಂದ ರಿಪೇರಿಯವನು ಬೆಚ್ಚಿ ತಲೆಯೆತ್ತಿದ. ದವಡೆಗೆ ಮರದ ಪುಡಿ ಮೆತ್ತಿತ್ತು. ಅಷ್ಟು ಕೋಪದಲ್ಲೂ ಅವಳಿಗೆ ಅನ್ನಿಸಿತು... ಎಷ್ಟು ಶಾಂತವಾದ ಕಣ್ಣು!

"ಒಳಗೆಲ್ಲೋ ಅಂಟು ಬಿಟ್ಟಿದೆ. ಅದು ದವಡೆಗೆ ಮೊದಲು ಗೊತ್ತಾಗುತ್ತೆ, ಕಿವಿಗೆ ಆಮೇಲೆ."

ಕಿವಿ! ಆ ಮಾತು ಚುಚ್ಚಿತು. ಕಳೆದ ವರ್ಷದ ಜ್ವರ ಅವಳ ಎರಡೂ ಕಿವಿಗಳನ್ನು ಮುಚ್ಚಿಸಿ ಹೋಗಿತ್ತು. ಈಗ ತುಟಿ ನೋಡಿ ಮಾತು. ವಾದ್ಯವೃಂದದಲ್ಲಿ ಪಕ್ಕದವರ ಕಮಾನು ನೋಡಿ ತಾಳ. ಹಾಗಾಗಿ ಯಾವಾಗಲೂ ಕೂದಲೆಳೆಯಷ್ಟು ತಡ. ನಾಳೆ ಸಂಜೆ ವೃಂದ ನಡೆಸುವ ಮೇಷ್ಟ್ರು ಕೊನೆಯ ಸಲ ಪರೀಕ್ಷಿಸುತ್ತಾರೆ. ತಪ್ಪಿದರೆ ಅವಳ ಕುರ್ಚಿ ಬೇರೆಯವರಿಗೆ.

"ನನಗೆ ಕಿವಿ ಕೇಳಿಸಲ್ಲ," ಎಂದಳು.

"ಗೊತ್ತು. ನಿಮ್ಮ ಅಭ್ಯಾಸಕ್ಕೆ ದಿನಾ ಬರ್ತೀನಲ್ಲ, ಹಿಂದಿನ ಸಾಲಿಗೆ."

ಅಯ್ಯೋ ಪಾಪ ಎನ್ನಲಿಲ್ಲ. ಬೆನ್ನು ತಿರುಗಿಸಿ, ವಾದ್ಯದ ತಳಕ್ಕೆ ಬಗ್ಗಿ ಕೆಲಸ ಮುಂದುವರಿಸಿದ.

ಆ ರಾತ್ರಿ ಮನೆಯಲ್ಲಿ ನುಡಿಸಲು ಕೂತರೆ ಸೆಲ್ಲೋ ಟೈಲ್ಸ್ ಮೇಲೆ ಸರ್ರನೆ ಜಾರಿತು. ತಳದ ಕಬ್ಬಿಣದ ಕಡ್ಡಿಗಿದ್ದ ರಬ್ಬರ್ ಟೋಪಿಯೇ ಇಲ್ಲ!

"ಕಿವುಡಿ ತಾನೇ, ಹೇಗೆ ಕೊಟ್ರೂ ನಡೆಯುತ್ತೆ ಅಂದ್ಕೊಂಡಿದಾನೆ!"

ಅಕ್ಕ ಎದುರಿಗೆ ಬಂದು ನಿಂತಳು. "ನಿಂಗೆ ಕಿವಿ ಹೋದ್ರೂ ಬಾಯಿ ಹೋಗ್ಲಿಲ್ಲ ನೋಡು! ಹೋಗಿ ಅವನನ್ನೇ ಕೇಳು."

ಹೋಗಲಿಲ್ಲ. ಆ ಕಣ್ಣುಗಳನ್ನು ನಂಬಿದ್ದಳಲ್ಲ... ಅದೇ ನೋವು.

ಮರುದಿನ ಸಂಜೆ ವೇದಿಕೆಯ ಮೇಲೆ ಅವನೇ ಇದ್ದ! ಮಂಡಿಯೂರಿ, ಉಳಿದ ಸೆಲ್ಲೋ, ಅವಕ್ಕಿಂತ ದೊಡ್ಡ ಬಾಸುಗಳ ರಬ್ಬರನ್ನೂ ಕೀಳುತ್ತಿದ್ದ.

"ಏನಯ್ಯಾ ಇದು, ನೆಲ ತೂತಾಗುತ್ತೆ!" ಮೇಷ್ಟ್ರು ಸಿಡಿದರು.

"ನಾನೇ ಮುಚ್ಚಿಕೊಡ್ತೀನಿ ಮೇಷ್ಟ್ರೇ. ಒಂದ್ಸಲ ನುಡಿಸಿ ನೋಡಿ."

ಅವಳು ದಾಪುಗಾಲಿಟ್ಟು ಬಂದಳು. "ನನ್ನ ರಬ್ಬರ್ ಎಲ್ಲಿ?"

"ನಿನ್ನೇನೇ ಹೇಳಿದ್ನಲ್ಲ? ರಬ್ಬರ್ ತೆಗೆದ್ರೆ ಸ್ವರ ಮರದ ನೆಲಕ್ಕಿಳಿಯುತ್ತೆ, ಅಲ್ಲಿಂದ ನಿಮ್ಮ ಕಾಲಿಗೆ ಅಂತ..."

"ಯಾವಾಗ ಹೇಳಿದ್ರಿ?"

"ಅದನ್ನ ಬಿಚ್ತಾ..." ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಬೆನ್ನು ಹಾಕಿ ಹೇಳ್ಬಿಟ್ಟೆ!"

ಅವಳಿಗೆ ನಗು ತಡೆಯಲಾಗಲಿಲ್ಲ.

"ಚಪ್ಪಲಿ ಬಿಡಿ," ಎಂದ. ಈ ಸಲ ಅವಳ ಕಣ್ಣೆದುರಿಗೇ.

ಬರಿಗಾಲನ್ನು ಹಲಗೆಗೆ ಊರಿದಳು. ಮೇಷ್ಟ್ರ ಕೈ ಎದ್ದಿತು.

ಮೊದಲು ಏನೂ ಇಲ್ಲ. ಆಮೇಲೆ... ಹಿಮ್ಮಡಿಯಲ್ಲಿ ಗುಂಯ್ ಎಂದಿತು! ಬಾಸುಗಳು! ಅದು ಮೀನಖಂಡ ಹತ್ತಿ, ಮೊಣಕಾಲು ದಾಟಿ, ಎದೆಗೂಡಿಗೇ ಬಂತು.

ಇದೇ... ಇದೇ ಸಂಗೀತ! ಎಲ್ಲೂ ಹೋಗಿರಲಿಲ್ಲ. ಬಾಗಿಲು ಬದಲಾಗಿತ್ತು, ಅಷ್ಟೇ.

ಪಕ್ಕದವರ ಕಮಾನು ನೋಡಲಿಲ್ಲ. ಕಣ್ಣು ಮುಚ್ಚಿದಳು. ಅವಳ ಸರದಿ ಬಂದಾಗ ಮೈಗೇ ತಿಳಿಯಿತು. ಕೈ ತಾನಾಗಿ ಎದ್ದಿತು. ಕೂದಲೆಳೆಯಷ್ಟೂ ತಡವಾಗಲಿಲ್ಲ!

ಕೊನೆಯ ಸ್ವರ ಕಾಲಿನಿಂದ ಇಳಿದುಹೋದ ಮೇಲೂ ನೆಲ ನಡುಗುತ್ತಲೇ ಇತ್ತು. ಕಣ್ಣು ತೆರೆದಳು. ಚಪ್ಪಾಳೆಯ ಬದಲು ಎಲ್ಲರೂ ಕಾಲು ಬಡಿಯುತ್ತಿದ್ದರು... ಅವಳಿಗಾಗಿ!

"ಕುರ್ಚಿ ನಿಂದೇ ಕಣಮ್ಮ," ಎಂದರು ಮೇಷ್ಟ್ರು. "ನೆಲ ತೂತಾದ್ರೆ ಆಗ್ಲಿ!"

ಎಲ್ಲರೂ ಹೊರಟರು. ಅವನು ಮಾತ್ರ ಉಳಿದ.

"ನಾನು ಹಿಂದಿನ ಸಾಲಿಗೆ ಬರ್ತಿದ್ದಿದ್ದು ಸಂಗೀತಕ್ಕಲ್ಲ. ನಿಮಗೋಸ್ಕರ. ನೀವಂದ್ರೆ ನಂಗಿಷ್ಟ."

"ಕೇಳಿಸಲಿಲ್ಲ."

"ತುಟಿ ನೋಡಿದ್ರಲ್ಲ!"

"ಅದು ನೋಡಿದ್ದು." ಅಂಗೈಯನ್ನು ಅವನ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದಳು. "ಈಗ ಹೇಳಿ."

ಅವನು ಹೇಳಿದ. ಅಂಗೈ ಗುಂಯ್ ಎಂದಿತು.

"ಹ್ಞೂಂ," ಎಂದಳು ಕಣ್ಣು ತೆರೆಯದೆ. "ಕೇಳಿಸ್ತು... ನಂಗೂ ನೀವಂದ್ರೆ ಇಷ್ಟ."