ನನ್ನ ಜೊತೆ ಮಾತ್ರ ಮಾತಿಲ್ಲ

"ಅದು ನನ್ನ ಜಾಗ!"

ಎಂ.ಎಸ್ಸಿ. ಕೆಮಿಸ್ಟ್ರಿ ಲ್ಯಾಬಿನ ಬಾಗಿಲಲ್ಲೇ ನಿಂತು ನೂರೀನ್ ಜೋರಾಗಿ ಹೇಳಿದಳು. ಕಳೆದ ವರ್ಷವಿಡೀ ಅವಳು ನಿಲ್ಲುತ್ತಿದ್ದ ಟೇಬಲ್ಲಿನಲ್ಲಿ ಇವತ್ತು ಮುದಸ್ಸಿರ್ ನಿಂತಿದ್ದ.

ಅವನು ಅವಳ ಮುಖ ನೋಡಲಿಲ್ಲ. ಕಿಟಕಿ ಪಕ್ಕದ ಟೇಬಲ್ ಕಡೆ ಕೈ ತೋರಿಸಿ ತನ್ನ ಕೆಲಸದಲ್ಲಿ ಮುಳುಗಿದ. ಒಂದೇ ಒಂದು ಮಾತಿಲ್ಲ!

"ಅವ್ನೇ ಸರ್‌ನ ಕೇಳಿ ಬದ್ಲಾಯಿಸ್ಕೊಂಡನಂತೆ," ಗೆಳತಿ ವಾಣಿಶ್ರೀ ಪಿಸುಗುಟ್ಟಿದಳು. "ಹೋಗ್ಲಿ ಬಿಡು, ಕಿಟಕಿ ಹತ್ರ ಆಸಿಡ್ ವಾಸ್ನೆ ಕಮ್ಮಿ. ನಿಂಗೂ ಒಳ್ಳೇದೇ."

ಬಸುರಿಗೆ ಆ ವಾಸನೆ ಆಗದು ಎಂದೇ ಅವನು ಜಾಗ ಬದಲಾಯಿಸಿಕೊಂಡನೇ? ಮೂರು ತಿಂಗಳ ಬಸುರು ಬುರ್ಖಾದೊಳಗೆ ಯಾರಿಗೂ ಕಾಣುವಂತಿರಲಿಲ್ಲ. ವಾಣಿಶ್ರೀ ಒಬ್ಬಳನ್ನು ಬಿಟ್ಟು ಕ್ಲಾಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಇವನಿಗೆ ಹೇಗೆ ಗೊತ್ತಾಯಿತು...?

ಇವನು ಹರಿಹರದವನು! ಹರಿಹರದ ಗಾಳಿ ಬೀಸಿದರೂ ಅನುಮಾನಪಡುವ ದಿನಗಳವು.

ಹರಿಹರದ ಫರ್ದೀನ್ ಜೊತೆ ಅವಳ ಮದುವೆ ಒಂದು ವರ್ಷವೂ ಬಾಳಲಿಲ್ಲ. "ಓದು ಬಿಡು, ಇಲ್ಲಾ ಮನೆ ಬಿಡು," ಎಂದಿದ್ದ. ಅವಳು ಮನೆ ಬಿಟ್ಟಳು. ಜಮಾತಿನ ಹಿರಿಯರ ಮುಂದೆ ಬಿಡುಗಡೆಯೂ ಆಯಿತು. ಆಮೇಲೆ ಗೊತ್ತಾಯಿತು, ಅವಳು ಒಬ್ಬಳೇ ಹೊರಬಂದಿರಲಿಲ್ಲ ಎಂದು.

ತಲಾಕಿನ ನಂತರ ಹೆಣ್ಣು ಕಾಯಬೇಕಾದ ಅವಧಿ ಇದ್ದತ್; ಬಸುರಿಯಾದರೆ ಅದು ಹೆರಿಗೆಯವರೆಗೆ. ಅಲ್ಲಿಯತನಕ ಮದುವೆಯ ಮಾತೆತ್ತುವಂತಿಲ್ಲ. ಅಂಥ ಹೊತ್ತಿನಲ್ಲಿ ಹೆಣ್ಣೊಬ್ಬಳು ಪರಗಂಡಸಿನ ಜೊತೆ ನಗುನಗುತ್ತಾ ನಿಂತರೆ ಸಾಕು, ಊರಿನ ಬಾಯಿಗೆ ಬೀಗ ಹಾಕುವವರಿಲ್ಲ. ಮಾವ, ಫರ್ದೀನನ ಅಪ್ಪ ಲಾಲ್ ಸಾಬ್ ಕಾಯುತ್ತಿದ್ದದ್ದೂ ಅದಕ್ಕೇ.

"ಇದ್ದತ್‌ನಾಗೆ ಊರು ಸುತ್ತೋಳು ಮಗು ಹೆಂಗೆ ಸಾಕ್ತಾಳೆ? ಅದು ನಮ್ಮ ಮನೇದು, ನಾವು ತಗೊಂಡ್ ಹೋಗ್ತೀವಿ," ಎಂದು ಹೇಳಿ ಕಳಿಸಿದ್ದರು.

ಆವರಗೆರೆಯ ಎರಡು ಕೋಣೆಯ ತವರು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಅಮ್ಮಿ ರಶೀದಾ ಹೆದರಿಬಿಟ್ಟಿದ್ದಳು. "ಒಂದು ವರ್ಷ ಮನ್ಯಾಗೇ ಇರು ಬೇಟಾ."

"ಇವತ್ತು ಬಿಟ್ರೆ ಮತ್ತೆ ಓದಾಕೆ ಆಗಲ್ಲ ಅಮ್ಮಿ. ಮಗೂಗೆ ನಾನೇನು ಕೊಡ್ಲಿ?"

ಹಾಗೆ ಹೊರಟವಳಿಗೆ ಕ್ಲಾಸಿನಲ್ಲಿ ಈ ಮುದಸ್ಸಿರ್ ಒಗಟಾದ. ಎಲ್ಲರ ಜೊತೆ ಹರಟೆ, ಕ್ಯಾಂಟೀನ್ ಮಾಣಿಯ ಜೊತೆಗೂ ತಮಾಷೆ. ನೂರೀನ್ ಬಂದರೆ ಮಾತ್ರ ಬಾಯಿ ಬಂದ್! ಅವಳು ಡಾಕ್ಟರ ಹತ್ತಿರ ಹೋದ ದಿನದ ನೋಟ್ಸ್ ಅವನಿಂದ ವಾಣಿಶ್ರೀಯ ಮೂಲಕ ಬರುತ್ತಿತ್ತು. ಸಿಟಿ ಬಸ್ಸಿನಲ್ಲಿ ಅವಳನ್ನು ಕಂಡರೆ ಸೀಟು ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ.

'ಮಾತಾಡಲ್ಲ, ಆದ್ರೆ ಎಲ್ಲಾ ನೋಡ್ತಾನೆ. ಯಾಕೆ...?'

ಉತ್ತರ ಏಳನೇ ತಿಂಗಳಲ್ಲಿ ಸಿಕ್ಕಿತು.

ಗಂಡನ ಮನೆಯಲ್ಲಿ ಉಳಿದಿದ್ದ ಪುಸ್ತಕಗಳನ್ನು ತರಲು ಅವಳು ಅಮ್ಮಿಯ ಜೊತೆ ಹರಿಹರಕ್ಕೆ ಹೋಗಿದ್ದಳು. ದಾರಿಯಲ್ಲೇ ಲಾಲ್ ಸಾಬ್‌ರ ಕಟ್ಟಿಗೆ ಅಡ್ಡೆ. ಒಳಗೆ, ಮಾವನ ಎದುರಿನ ಕುರ್ಚಿಯಲ್ಲಿ ಚಹಾ ಹಿಡಿದು ಕೂತಿದ್ದವನು... ಮುದಸ್ಸಿರ್!

ಅವಳನ್ನು ಕಂಡದ್ದೇ ಅವನು ತಲೆ ತಗ್ಗಿಸಿದ.

'ಹಾಗಾದ್ರೆ ನಿಜ. ಇವ್ನು ಅವರ ಗೂಢಚಾರ!' ನೂರೀನ್ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಅಷ್ಟು ದಿನ ಅನುಮಾನಪಟ್ಟಿದ್ದಳು ನಿಜ, ಆದರೆ ಅದು ಸುಳ್ಳಾಗಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದಳು ಎಂಬುದು ಅವತ್ತೇ ಅವಳಿಗೆ ತಿಳಿದದ್ದು. ಅದಕ್ಕೇ ಅಷ್ಟು ನೋವಾಯಿತು.

ಮರುದಿನ ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

"ಏನೇನು ಹೇಳಿದ್ರಿ ಅವ್ರಿಗೆ? ನಾನು ಎಲ್ಲಿ ಹೋಗ್ತೀನಿ, ಯಾರ ಜೊತೆ ಕೂರ್ತೀನಿ, ಎಲ್ಲಾ ಹೇಳಿದ್ರಾ? ನನ್ನ ಮಗೂನ ಕಿತ್ಕೊಂಡು ಕೊಡೋಕೆ ನಿಮಗೇನು ಬಂತ್ರಿ?"

ಅವನ ಕಣ್ಣು ತುಂಬಿತು. ತುಟಿ ಅಲುಗಿತು. ಆಮೇಲೆ ಹಲ್ಲು ಕಚ್ಚಿಕೊಂಡು ಸುಮ್ಮನೆ ಹೊರಟುಹೋದ.

"ಇಲ್ಲ ಅಂತನಾದ್ರೂ ಅನ್ಬಹುದಿತ್ತಲ್ಲೇ!" ವಾಣಿಶ್ರೀಗೇ ಸಿಟ್ಟು ಬಂತು.

ಅವತ್ತಿನಿಂದ ಅವನ ನೋಟ್ಸನ್ನು ನೂರೀನ್ ಮುಟ್ಟಲಿಲ್ಲ. ಕಾಲು ಊದಿದರೂ, ನಿದ್ದೆಗೆಟ್ಟರೂ ತಾನೇ ಬರೆದುಕೊಂಡು ಓದಿದಳು. ಮೂರನೇ ಸೆಮಿಸ್ಟರಿನ ಕೊನೆಯ ಪೇಪರ್ ಬರೆದು ಎದ್ದಾಗ ಸೊಂಟ ಹಿಡಿದಿತ್ತು. ಬೆಳಗಾಗುವಷ್ಟರಲ್ಲಿ ಎಂ.ಸಿ.ಸಿ. ಬಡಾವಣೆಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಅಂದು ಮಧ್ಯಾಹ್ನವೇ ಲಾಲ್ ಸಾಬ್ ಬಂದರು. ನೂರೀನ್ ಮಗುವನ್ನು ಎದೆಗವಚಿಕೊಂಡಳು. ಅಮ್ಮಿ ಮಂಚಕ್ಕೆ ಅಡ್ಡ ನಿಂತಳು.

"ಹೆದರಬ್ಯಾಡ್ರಿ, ನೋಡಾಕೆ ಬಂದೀನಿ ಅಷ್ಟೆ," ಮುದುಕನ ದನಿ ತಗ್ಗಿತ್ತು. "ಮಗು ತಾಯಿ ಹತ್ರನೇ ಇರ್ಲಿ ಅಂತ ಜಮಾತ್‌ನಾಗೆ ತೀರ್ಮಾನ ಆಗೈತೆ."

"ನಿಮ್ಮ ಗೂಢಚಾರ ಏನೂ ಹೇಳ್ಲಿಲ್ವಾ?" ನೂರೀನ್ ಕೇಳಿಯೇಬಿಟ್ಟಳು.

"ಯಾರು, ಮುದಸ್ಸಿರಾ? ನಿನ್ನ ಮ್ಯಾಲೆ ಕಣ್ಣಿಡು ಅಂತ ಅಡ್ಡೆಗೆ ಕರೆಸಿ ಹೇಳಿದ್ದೆ. ಆಗಲ್ಲ ಅಂದ. ಅವನ ಜೊತೇನೇ ನಿಂದು ಸಲಿಗೆ ಐತೆ ಅಂತ ಮೊನ್ನೆ ನಮ್ಮೋರು ಜಮಾತ್‌ನಾಗೆ ಎತ್ತಿದ್ರು. ಅವ್ನು ಅಲ್ಲಾಹನ ಆಣೆ ಇಟ್ಟ. 'ಇವತ್ತಿನ ತನಕ ಅವ್ರ ಜೊತೆ ನಾನು ಒಂದು ಮಾತೂ ಆಡಿಲ್ಲ, ಯಾರನ್ನಾದ್ರೂ ಕೇಳ್ರಿ' ಅಂದ. ಕೇಳಿದ್ವಿ. ನಿಜಾನೇ ಇತ್ತು."

ನೂರೀನ್‌ಗೆ ಈಗ ಅರ್ಥವಾಯಿತು. ಕಾರಿಡಾರಿನಲ್ಲಿ ಅವನು ಕಚ್ಚಿಹಿಡಿದದ್ದು ಬರೀ ಹಲ್ಲನ್ನಲ್ಲ! ಒಂದು 'ಇಲ್ಲ' ಅಂದಿದ್ದರೂ ಆ ಆಣೆ ಸುಳ್ಳಾಗುತ್ತಿತ್ತು... ಮಗು ಅವಳ ಮಡಿಲಲ್ಲಿ ಇರುತ್ತಿತ್ತೋ ಇಲ್ಲವೋ.

ಸಂಜೆ ತನ್ನ ತಾಯಿಯನ್ನು ಮುಂದಿಟ್ಟುಕೊಂಡು ಮುದಸ್ಸಿರ್ ಬಂದ. ತಾಯಂದಿರಿಬ್ಬರೂ ಮಗುವನ್ನೆತ್ತಿಕೊಂಡು ಬಾಗಿಲ ಬಳಿ ಸರಿದರು. ಅವನು ಗಂಟಲು ಸರಿಮಾಡಿಕೊಂಡ.

"ಇದ್ದತ್ ಮುಗೀತು. ಈಗ ಮಾತಾಡಬಹುದಾ?"

ಅವಳ ಕಣ್ಣೀರು ದಿಂಬಿಗಿಳಿಯಿತು. "ಅವತ್ತು ಏನೇನೋ ಅಂದುಬಿಟ್ಟೆ... ಮಾಫ್ ಮಾಡ್ರಿ."

"ಫಸ್ಟ್ ಸೆಮಿಸ್ಟರ್‌ನಾಗೇ ಹೇಳ್ಬೇಕಂತಿದ್ದೆ. ಧೈರ್ಯ ಬರೋದ್ರೊಳಗೆ ನಿಮ್ಮ ಮದುವೆ ಆಗೋಯ್ತು. ಈ ಸಲ ತಡ ಮಾಡಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತೀನಿ."

"ನಂಗೆ ಇನ್ನೊಂದು ಸೆಮಿಸ್ಟರ್ ಐತೆ. ಓದು ಬಿಡಲ್ಲ. ಮಗೂನೂ ಐತೆ..."

"ನಂಗೂ ಒಂದು ಸೆಮಿಸ್ಟರ್ ಐತೆ. ಮಗು ಒಂದು ಇಲ್ಲ. ಅರ್ಧ ಪಾಲು ಕೊಡ್ರಿ ಸಾಕು. ನೀವು ಓದುವಾಗ ನಾನು ಎತ್ಕೋತೀನಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಪರೀಕ್ಷೆ ಮುಗಿದ ಮ್ಯಾಲೆ ಮದುವೆ. ಆಗಬಹುದಾ?"

"ಆಗಬಹುದು."

"ಮೊದ್ಲು ಕೂಡ್ರಿ. ನನ್ನ ಹೆಸರು ಕರೀರಿ. ಇಷ್ಟು ದಿನದಾಗೆ ಒಂದು ಸಲಾನೂ ಕರ್ದಿಲ್ಲ."

ಊರೆಲ್ಲ ಹರಟುವವನಿಗೆ ಈಗ ನಾಲಿಗೆ ತಡವರಿಸಿತು.

"ನೂ... ನೂರೀನ್."

ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಂದ್ ಸಲ..."