ಎಡ ಕಹಳೆಯ ಸದ್ದು

ಕೆರೆಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಗಿಂಡಿಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ರಾಣಿ ಲಕುಮಾದೇವಿಯ ದನಿ ಹುಟ್ಟಿನಿಂದಲೇ ಸೊಳ್ಳೆಯ ದನಿಯಷ್ಟು ಸಣ್ಣದು. ಅದಕ್ಕೆಂದೇ ಕಂಚುಗಾರ ಕೇತೋಜ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದ. ಅದರೊಳಗೆ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಮಾಯಾ ಜೀರುಂಡೆಗಳು. ರಾಣಿ ಪಿಸುಗುಟ್ಟಿದ್ದನ್ನು ಮೊದಲ ಜೀರುಂಡೆ ತುಸು ಜೋರಾಗಿ ಹೇಳುವುದು, ಎರಡನೆಯದು ಇನ್ನೂ ಜೋರಾಗಿ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಎರಡು ಕಹಳೆಗಳಿಂದ ಅದು ಊರಿಗೆಲ್ಲ ಕೇಳಿಸುವುದು. ಮೂವತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಎಡ ಕಹಳೆ ಕೆಟ್ಟಿತು. ಗುಂಯ್ ಎಂದಿತು, ಕರಕರ ಎಂದಿತು, ಸುಸ್ ಎಂದಿತು. ರಾಣಿಯ ಮಾತು ಆ ಗದ್ದಲದಲ್ಲಿ ಮುಳುಗಿಹೋಯಿತು. ಆಸ್ಥಾನದ ಮಾಂತ್ರಿಕ ಭುಜಂಗಾಕ್ಷ ಗಡ್ಡ ನೀವಿಕೊಂಡು, "ಕೇತೋಜನ ಕೈ ಶಾಪದ ಕೈ. ಅವನು ಸತ್ತರೆ ಸದ್ದು ನಿಲ್ಲುತ್ತದೆ. ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ," ಎಂದ. ಮುದುಕನನ್ನು ಸೆರೆಮನೆಗೆ ತಳ್ಳಿದರು.

ಕೇತೋಜನ ಮಗಳು ಬಾಚಲೆ ಕೂತಲ್ಲಿ ಕೂರುವವಳಲ್ಲ. ಒಂದೇ ಉಸಿರಿಗೆ ಆಸ್ಥಾನಕ್ಕೆ ಓಡಿದಳು.

"ತಾಯೀ, ಮೂರು ದಿನ ಕೊಡಿ. ಸದ್ದು ನಾನು ನಿಲ್ಲಿಸ್ತೀನಿ. ಅಪ್ಪನ್ನ ಮಾತ್ರ ಕೊಲ್ಲಬೇಡಿ."

ರಾಣಿ ತಲೆಯಾಡಿಸಿದಳು. ಮೂರನೆಯ ದಿನ ಹೊತ್ತು ಮುಳುಗುವವರೆಗೆ ಗಡುವು.

ಬಾಚಲೆ ಅಲ್ಲಿಂದ ಸೆರೆಮನೆಗೆ ಓಡಿದಳು. "ಅಪ್ಪಾ, ಜೀರುಂಡೆ ಎಲ್ಲಾನೂ ಒಟ್ಟಿಗೇ ಬದಲಾಯಿಸಿಬಿಡ್ಲಾ?"

"ಬೇಡ ಮಗಾ. ಆಮೇಲೆ ಯಾವುದು ಕೆಟ್ಟಿತ್ತು ಅಂತ ನಿಂಗೂ ತಿಳಿಯಲ್ಲ, ನಂಗೂ ತಿಳಿಯಲ್ಲ. ಒಂದೊಂದೇ ಮುಟ್ಟು. ಅನುಮಾನ ಬಂದ್ರೆ ಬಲಗಡೆ ಸಾಲನ್ನ ಕೇಳು. ಅದು ನೆಟ್ಟಗಿದೆ."

ಒಂದೊಂದೇ! ಅವಳ ಕಾಲು ಆಗಲೇ ಹೊಸ್ತಿಲಾಚೆ ಇತ್ತು.

ಮೊದಲ ದಿನ, ಆಸ್ಥಾನದಲ್ಲಿದ್ದ ಪೆಟ್ಟಿಗೆಯ ಮುಂದೆ ಕೂತು ಗುಂಯ್ ಸದ್ದನ್ನು ಹಿಡಿದಳು. ಪೆಟ್ಟಿಗೆಯಿಂದ ನೆಲಕ್ಕೆ ಎರಡು ಕಂಚಿನ ಬೇರು ಇಳಿದಿದ್ದವು. ಅವೆರಡರ ನಡುವೆ ಒಂದು ನೀಲಿ ಹಾವು ಸುತ್ತು ಹೊಡೆಯುತ್ತಿತ್ತು.

"ಯಾಕೆ ಸುತ್ತುತ್ತೀಯ?" ಎಂದು ಕೇಳಿದಳು.

"ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತೋಕೆ ದಾರಿ ಇದೆಯಲ್ಲ, ಸುತ್ತುತ್ತೀನಿ," ಎಂದಿತು ಹಾವು.

ಬಾಚಲೆ ಒಂದು ಬೇರನ್ನು ಕಿತ್ತಳು. ಸುತ್ತಲು ದಾರಿಯಿಲ್ಲದೆ ಹಾವು ಬೇಸರಪಟ್ಟುಕೊಂಡು ಹೊರಟುಹೋಯಿತು.

ಎರಡನೆಯ ದಿನ ಕರಕರ ಸದ್ದು. ದನಿಯನ್ನು ಏರಿಸಿ ಇಳಿಸುವ ತಿರುಗಣೆಯಲ್ಲಿ ಒಂದು ಬೂದಿ ಬಣ್ಣದ ಇಲಿ ಸೇರಿಕೊಂಡು ಧೂಳು ಮೆಲ್ಲುತ್ತಿತ್ತು. ಕರೆದರೆ ಬರಲಿಲ್ಲ, ಗದರಿದರೂ ಬರಲಿಲ್ಲ. ಬಾಚಲೆ ತಿರುಗಣೆಯನ್ನು ಆಚೆಗೂ ಈಚೆಗೂ ನೂರು ಸಲ ತಿರುಗಿಸಿದಳು. ಇಲಿಗೆ ತಲೆ ಸುತ್ತಿ, ತಿಂದ ಧೂಳನ್ನೆಲ್ಲ ಕಕ್ಕಿ ಓಡಿಹೋಯಿತು.

ಮೂರನೆಯ ದಿನ ಉಳಿದದ್ದು ಸುಸ್ ಸದ್ದು. ಅದರ ಹಟವೇ ಬೇರೆ. ಪೆಟ್ಟಿಗೆ ತಣ್ಣಗಿದ್ದಾಗ ಅದು ಇರುವುದೇ ಇಲ್ಲ. ಒಳಗಿನ ದೀಪ ಉರಿದು ಕಂಚು ಬಿಸಿಯಾಗುವವರೆಗೆ ಕಾಯಬೇಕು. ಕಾಯುವುದೊಂದು ಬಿಟ್ಟು ಬೇರೇನು ಬೇಕಾದರೂ ಮಾಡಬಲ್ಲವಳು ಬಾಚಲೆ! ಎದ್ದಳು, ಕೂತಳು, ಉಗುರು ಕಚ್ಚಿದಳು. ಕಿಟಕಿಗೆ ಹೋಗಿ ಸೂರ್ಯನನ್ನು ನೋಡಿ ಬಂದಳು. ಹೊರಗೆ ಅಪ್ಪನಿಗಾಗಿ ಶೂಲ ನೆಡುತ್ತಿದ್ದರು.

ಹೊತ್ತು ಇಳಿಯತೊಡಗಿದಾಗ ಸುಸ್ ಎಂದಿತು. ತಿರುಗಣೆಯನ್ನು ಪೂರ್ತಿ ಇಳಿಸಿದಳು. ಸದ್ದು ಇಳಿಯಲಿಲ್ಲ. ಹಾಗಾದರೆ ಅದು ಹುಟ್ಟುತ್ತಿರುವುದು ತಿರುಗಣೆ ದಾಟಿದ ಮೇಲೆ, ಕಹಳೆಯ ಕಡೆಗೆ. ಎಡಸಾಲಿನಲ್ಲಿ ಆ ಕಡೆಗಿದ್ದದ್ದು ಮೂರೇ ಜೀರುಂಡೆ.

ಬಿಸಿಗೆ ಏಳುವ ಸದ್ದು ತಂಪಿಗೆ ಅಡಗಬೇಕಲ್ಲ! ಬಾವಿಯ ತಣ್ಣೀರಿನಲ್ಲಿ ಹತ್ತಿ ಅದ್ದಿ ಮೊದಲನೆಯದನ್ನು ಮುಟ್ಟಿದಳು. ಸುಸ್. ಎರಡನೆಯದನ್ನು ಮುಟ್ಟಿದಳು. ಸುಸ್. ಮೂರನೆಯದನ್ನು ಮುಟ್ಟಿದಳು. ಸದ್ದು ನಿಂತಿತು. ಅದೇ ಗಳಿಗೆಗೆ ಪೀಠದ ಮೇಲಿದ್ದ ಭುಜಂಗಾಕ್ಷ ಗಡಗಡ ನಡುಗಿ ಸೀನಿದ.

"ಹೊಸಕಿಹಾಕು ಅದನ್ನ!" ಎಂದು ಅಲ್ಲೇ ನಿಂತು ನೋಡುತ್ತಿದ್ದ ರಾಣಿಯ ಮಂತ್ರಿ ಕೂಗಿದ.

ಬಾಚಲೆಯ ಕೈಯೂ ಎದ್ದಿತ್ತು. ಆದರೆ ತಡೆದುಕೊಂಡಳು. ಜೀವಮಾನದಲ್ಲಿ ಅವಳು ತಡೆದುಕೊಂಡದ್ದು ಅದೇ ಮೊದಲು. ಆ ಜೀರುಂಡೆಯನ್ನು ಬಲಸಾಲಿಗೆ ಇಟ್ಟಳು, ಬಲಸಾಲಿನ ಜೊತೆಗಾರನನ್ನು ಎಡಕ್ಕೆ ತಂದಳು. ಮತ್ತೆ ಬಿಸಿಯೇರುವವರೆಗೆ ಹಲ್ಲು ಕಚ್ಚಿ ಕಾದಳು. ಸೂರ್ಯ ಗುಡ್ಡ ಮುಟ್ಟಿದಾಗ ಸುಸ್ ಎಂದಿತು, ಈ ಸಲ ಬಲ ಕಹಳೆಯಲ್ಲಿ. ಸದ್ದು ಜೀರುಂಡೆಯ ಬೆನ್ನು ಹತ್ತಿ ಬಂದಿತ್ತು.

ಮೆಲ್ಲನೆ ಅದರ ರೆಕ್ಕೆ ಬಿಡಿಸಿದಳು. ಕೆಳಗೆ ಎಳ್ಳಿನಷ್ಟು ಕರಿಯ ಕಾಳೊಂದು ಉಸಿರಾಡುತ್ತಿತ್ತು. ಅದನ್ನು ಬೆರಳಲ್ಲಿ ಅದುಮಿದಳು. ಭುಜಂಗಾಕ್ಷನ ಕಣ್ಣು ಮೇಲೆ ಸಿಕ್ಕಿಕೊಂಡಿತು.

"ಬಿಡು, ಬಿಡು! ಅದು ನನ್ನ ಜೀವ! ಸಾವಿಗೆ ಸಿಗಬಾರದೆಂದು ಅಲ್ಲಿ ಬಚ್ಚಿಟ್ಟಿದ್ದೆ. ಅಷ್ಟು ಸಣ್ಣ ಉಸಿರು, ಯಾರಿಗೆ ಕೇಳೀತು ಅಂದುಕೊಂಡೆ!"

ಸಣ್ಣದನ್ನು ದೊಡ್ಡದು ಮಾಡುವುದಕ್ಕೆಂದೇ ಇದ್ದ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಮಹಾ ಬುದ್ಧಿವಂತ! ಕೇತೋಜ ಪೆಟ್ಟಿಗೆ ಬಿಚ್ಚಿದರೆ ಗುಟ್ಟು ಬಯಲಾಗುತ್ತದೆಂದು ಅವನನ್ನೇ ಕೊಲ್ಲಿಸಲು ಹೊರಟಿದ್ದ.

ಬಾಚಲೆ ಕಾಳನ್ನು ಅದುಮಿ ಕೊಲ್ಲಲಿಲ್ಲ. ಅವನ ಮೂಗಿಗೇ ಹಿಡಿದಳು. "ಒಳಗೆ ಎಳ್ಕೋ. ಇನ್ನು ನೀನೂ ನಮ್ಮ ಹಾಗೆ ಒಂದಿನ ಸಾಯೋನೇ."

ಎಳೆದುಕೊಂಡ. ಅಷ್ಟೇ, ಅವನ ಮಂತ್ರಗಳೆಲ್ಲ ಮರೆತುಹೋದವು. ಬರಿಯ ಮುದುಕನಾಗಿ ಕೋಲೂರಿಕೊಂಡು ಊರು ಬಿಟ್ಟ.

ಕೇತೋಜನನ್ನು ಶೂಲದ ಬುಡದಿಂದ ಬಿಡಿಸಿ ತಂದರು. ಬಾಚಲೆ ಅಪ್ಪನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ರಾಣಿ ಪೆಟ್ಟಿಗೆಯ ಮುಂದೆ ಬಾಗಿದಳು. ಎರಡೂ ಕಹಳೆಗಳು ಒಂದು ಗಳಿಗೆ ನಿಶ್ಶಬ್ದವಾಗಿದ್ದವು. ಗಿಂಡಿಪುರದ ಮನೆಮನೆಯಲ್ಲೂ, ಕೆರೆಯಾಚೆಯ ಕೇರಿಯಲ್ಲೂ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು: "ಕೇತೋಜಪ್ಪಾ, ತಪ್ಪು ನನ್ನದು. ಕ್ಷಮಿಸು."

ಊರಿಗೆ ಊರೇ ಕೇಳುವಂತೆ ರಾಣಿಯೊಬ್ಬಳು ತಪ್ಪೊಪ್ಪಿಕೊಂಡ ಆ ರಾಜ್ಯದಲ್ಲಿ ಆಮೇಲೆ ಎಲ್ಲರೂ ಸುಖವಾಗಿದ್ದರು.